ಬೇಹಿನ ಚಾವಡಿಯಿಂದ ಕೊರಿಯರ್ ಆಫೀಸಿಗೆ: ಹಾಸನ ಸೀಮೆಯ ಪರದೇಶದ ಪಾರ್ಸೆಲ್‌ಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಈ ನಾಲ್ಕೂ ಕಡಲಿಲ್ಲದ ಒಳನಾಡಿನ ಊರುಗಳು. ಪಶ್ಚಿಮಕ್ಕೆ ಮಂಜರಾಬಾದಿನ ಘಟ್ಟ ಇಳಿದರೆ ಮಂಗಳೂರಿನ ಬಂದರು, ಪೂರ್ವಕ್ಕೆ ಸುಮಾರು 185 ಕಿಲೋಮೀಟರ್ ದಾಟಿದರೆ ಬೆಂಗಳೂರು ಸಿಗುತ್ತವೆಯಾದ್ದರಿಂದ, ಇಲ್ಲಿಂದ ಪರದೇಶಕ್ಕೆ ಹೊರಟ ಯಾವುದೇ ಗಂಟು ಕಳುಹಿಸಿದವರ ಕಣ್ಣಳತೆಯ ಆಚೆ ಹಲವು ಕೈಗಳನ್ನು ದಾಟಿಯೇ ಹೋಗಬೇಕು. ಆ ಕೈಗಳಲ್ಲಿ ಯಾವುದನ್ನು ನಂಬಬೇಕು, ಗಂಟು ಕಳೆದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಇಂದಿನ ಕೊರಿಯರ್ ಆಫೀಸುಗಳಿಗಿಂತ ಬಹಳ ಹಳೆಯದು. ಮುನ್ನೂರೈವತ್ತು ವರ್ಷಗಳಲ್ಲಿ ಸಾಗಣೆಯ ವೇಗ ಊಹೆಗೂ ಮೀರಿ ಹೆಚ್ಚಿದೆ. ಸಾಗಿಸುವವನು ಹೊರುವ ಹೊಣೆ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ ಎಂಬುದು ಈ ಚರಿತ್ರೆಯನ್ನು ಬಿಡಿಸಿ ನೋಡಿದಾಗ ಸ್ಪಷ್ಟವಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಅಂಚೆಯನ್ನು ನೆಲೆಗೊಳಿಸಿದವನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯ. ಅವನು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ, ಎಂದರೆ ಇಲಾಖೆಗಳಾಗಿ, ವಿಂಗಡಿಸಿದಾಗ ಸುದ್ದಿ ಸಾಗಿಸುವ ಕೆಲಸ ಬೇಹಿನ ಚಾವಡಿಯ ಪಾಲಿಗೆ ಬಂತು. ಹೆಸರೇ ಹೇಳುವಂತೆ ಆ ಇಲಾಖೆಗೆ ಓಲೆ ತಲುಪಿಸುವುದರ ಜೊತೆಗೆ ಸೀಮೆಯಲ್ಲಿ ನಡೆಯುವುದನ್ನು ಅರಮನೆಗೆ ತಿಳಿಸುವ ಗುಪ್ತಚಾರಿಕೆಯೂ ಸೇರಿತ್ತು; ಹೈದರ್ ಅಲಿಯ ಕಾಲದಲ್ಲಿ ಈ ಎರಡನೆಯ ಕೆಲಸ ಇನ್ನಷ್ಟು ಬಲವಾಯಿತು. ಪ್ರಜೆಯ ಕಣ್ಣಿನಿಂದ ನೋಡಿದರೆ ಇದೊಂದು ವಿಚಿತ್ರ ಸ್ಥಿತಿ: ನಾಡಿನಲ್ಲೆಲ್ಲ ಅತ್ಯಂತ ವೇಗವಾಗಿ, ಅತ್ಯಂತ ಖಚಿತವಾಗಿ ಸಾಗುತ್ತಿದ್ದ ವ್ಯವಸ್ಥೆಯೇ ಎಲ್ಲರ ವಿಷಯವನ್ನೂ ಮೇಲಕ್ಕೆ ಮುಟ್ಟಿಸುವ ವ್ಯವಸ್ಥೆಯೂ ಆಗಿತ್ತು. ದಾರಿಯುದ್ದಕ್ಕೂ ಕಟ್ಟೆಯಿಂದ ಕಟ್ಟೆಗೆ ಚೀಲ ಬದಲಾಯಿಸುತ್ತಿದ್ದ ಅಂಚೆಯ ಓಟಗಾರನ ಹೊಣೆ ಅರಮನೆಗೆ ಸಲ್ಲುವಂಥದ್ದು, ಓಲೆ ಬರೆದವನಿಗೆ ಸಲ್ಲುವಂಥದ್ದಲ್ಲ. ಹೇಮಾವತಿ ಮತ್ತು ಕಾವೇರಿ ನದಿಗಳ ನಡುವೆ ಹರಡಿಕೊಂಡ ಅರಕಲಗೂಡು ಸೀಮೆಯಲ್ಲಿ ಸೇತುವೆಗಳು ಬರುವ ಮುಂಚೆ ಮಳೆಗಾಲದ ಚೀಲ ಹರಿಗೋಲನ್ನು ಕಾಯಬೇಕಾಗುತ್ತಿತ್ತು ಎಂಬುದನ್ನು ನೆನೆದರೆ, ಆ ಕಾಲದ ವೇಗಕ್ಕೆ ಹೊಳೆಯೇ ಮೇರೆಯಾಗಿತ್ತು ಎನ್ನಬಹುದು.

ಕಾಗದಕ್ಕಿಂತ ಭಾರವಾದುದನ್ನು ಕಡಲಾಚೆಗೆ ಕಳುಹಿಸುವ ಸಂಘಟಿತ ಪ್ರಯತ್ನ ಟಿಪ್ಪು ಸುಲ್ತಾನನ ಕಾಲದಲ್ಲಿ ಕಾಣುತ್ತದೆ. ಮಸ್ಕತ್‌ನಲ್ಲಿ ಅವನ ಸರಕಾರದ ಕೋಠಿ, ಎಂದರೆ ಸರಕು ಇಳಿಸಿ ಮಾರುವ ವ್ಯಾಪಾರದ ಮನೆ, ಇತ್ತು. ಅದನ್ನು ನೋಡಿಕೊಳ್ಳಲು ದರೋಗನೆಂಬ ಅಧಿಕಾರಿಯಿದ್ದ. ಗಂಧದ ಮರ, ಮೆಣಸು, ಏಲಕ್ಕಿ, ಅಕ್ಕಿ ಘಟ್ಟ ಇಳಿದು ಮಂಗಳೂರಿನಿಂದ ಹಡಗು ಹತ್ತುತ್ತಿದ್ದವು. ಘಟ್ಟದ ನೆತ್ತಿಯಲ್ಲಿ ಸಕಲೇಶಪುರದ ಬಳಿ 1792ರಲ್ಲಿ ಕಟ್ಟಿದ ಮಂಜರಾಬಾದ್ ಕೋಟೆ ಕಾವಲಿಗಿದ್ದದ್ದು ಇದೇ ದಾರಿಗೆ. ಎರಡೂ ತುದಿಗಳಲ್ಲಿ ತನ್ನದೇ ಆಳನ್ನಿಟ್ಟು ಸಾಗಿಸುವುದು ಅಂದಿನ ಮಟ್ಟಿಗೆ ಅತ್ಯಂತ ಭದ್ರವಾದ ಕ್ರಮವಾಗಿದ್ದರೂ ಅದು ದೊರೆಗೆ ಮಾತ್ರ ಸಾಧ್ಯವಿತ್ತೇ ಹೊರತು ಪೇಟೆಯ ಶೆಟ್ಟಿಗೆ ಎಟುಕುವಂತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ದಾರಿಗೆ ಹೊಸ ಬಳಕೆದಾರರು ಬಂದರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಘಟ್ಟದ ರಸ್ತೆಗಳು ಗಾಡಿ ಇಳಿಯುವಷ್ಟು ಹಸನಾದವು. 1843ರಲ್ಲಿ ಫ್ರೆಡರಿಕ್ ಗ್ರೀನ್ ಮಂಜರಾಬಾದ್ ಸೀಮೆಯಲ್ಲಿ ಕಾಫಿ ತೋಟ ಆರಂಭಿಸಿದ ಮೇಲೆ ಮತ್ತಷ್ಟು ಮಂದಿ ಐರೋಪ್ಯ ಪ್ಲಾಂಟರುಗಳು ಅಲ್ಲಿ ನೆಲೆಯೂರಿದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಬೇಸಾಯದ ಬಗ್ಗೆ 1894ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ತೋಟದಲ್ಲಿ ಒಣಗಿದ ಕಾಫಿ, ಹೊಟ್ಟು ಬಿಡಿಸುವ ಮುನ್ನವೇ, ಎತ್ತಿನ ಗಾಡಿಗಳಲ್ಲಿ ಮಂಗಳೂರಿಗೆ ಇಳಿದು, ಅಲ್ಲಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಸಂಸ್ಕಾರಗೊಂಡು ಲಂಡನ್ನಿನ ಹಡಗು ಸೇರುತ್ತಿತ್ತು. ಗಾಡಿಯವನಿಗೂ ತೋಟದವನಿಗೂ ನಡುವೆ ಇದ್ದದ್ದು ತೂಕದ ಲೆಕ್ಕ ಮತ್ತು ಮುಖಪರಿಚಯ. ಮಂಗಳೂರಿನ ಏಜೆಂಟ್ ಕಂಪನಿಗೂ ಹಡಗಿಗೂ ನಡುವೆ ಮಾತ್ರ ಬರಹದ ಕರಾರು, ವಿಮೆ. ಘಟ್ಟದ ಮೇಲೆ ನಂಬಿಕೆ, ಘಟ್ಟದ ಕೆಳಗೆ ಕಾಗದ ಎಂಬ ಈ ಹಂಚಿಕೆ ಬಹುಕಾಲ ಉಳಿಯಿತು.

ಸಾಮಾನ್ಯ ಕುಟುಂಬದ ಕೈಗೆ ಕಾಗದದ ಭರವಸೆಯನ್ನು ಮೊದಲು ಕೊಟ್ಟದ್ದು ಬ್ರಿಟಿಷ್ ಇಂಡಿಯಾದ ಅಂಚೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1874ರಲ್ಲಿ ಹುಟ್ಟಿ ಮುಂದೆ ವಿಶ್ವ ಅಂಚೆ ಒಕ್ಕೂಟವೆಂದು ಹೆಸರಾದ ಸಂಸ್ಥೆಗೆ ಭಾರತ 1876ರಲ್ಲಿ ಸೇರಿತು. ಪಾರ್ಸೆಲ್‌ಗಳ ವಿನಿಮಯಕ್ಕೆ ಪ್ರತ್ಯೇಕ ಒಪ್ಪಂದ 1880ರಲ್ಲಿ ಪ್ಯಾರಿಸ್‌ನಲ್ಲಿ ಆಯಿತು. ಇದೇ ಅವಧಿಯಲ್ಲಿ, 1877ರಲ್ಲಿ ವಿ.ಪಿ.ಪಿ. ಎಂದೇ ಕನ್ನಡಿಗರಿಗೆ ಪರಿಚಿತವಾದ, ಹಣ ಕೊಟ್ಟು ಬಿಡಿಸಿಕೊಳ್ಳುವ ಅಂಚೆಯೂ, 1878ರಲ್ಲಿ ವಿಮೆ ಮಾಡಿದ ಪಾರ್ಸೆಲ್ ಸೇವೆಯೂ, 1880ರಲ್ಲಿ ಮನಿಯಾರ್ಡರೂ ಆರಂಭವಾದವು. ಸಂಸ್ಥಾನದ ಸ್ವಂತ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾದಾಗ, ಅದುವರೆಗೆ ಗಡಿಯಲ್ಲಿ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಕೈ ಬದಲಾಗಬೇಕಿದ್ದ ವಸ್ತು ಒಂದೇ ಇಲಾಖೆಯ ರಸೀದಿಯ ಮೇಲೆ ಸಾಗುವಂತಾಯಿತು. ತಿರುವಾಂಕೂರಿನವರು ತಮ್ಮ ಅಂಚಲನ್ನು 1951ರವರೆಗೂ ಉಳಿಸಿಕೊಂಡರು. ಮೈಸೂರು ಅಷ್ಟು ಹಟ ಹಿಡಿಯಲಿಲ್ಲ, ಮತ್ತು ಪರದೇಶದ ಪಾರ್ಸೆಲ್‌ನ ಮಟ್ಟಿಗೆ ಅದು ಲಾಭದ ತೀರ್ಮಾನವೇ ಆಯಿತು.

ಈ ಹೊಸ ಭರವಸೆ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ವಿಮೆ ಮಾಡಿದ ಪಾರ್ಸೆಲ್‌ನ ಕಟ್ಟುವಿಕೆಯಲ್ಲಿ ಹತ್ತಿರದಿಂದ ನೋಡಬಹುದು. ಪೆಟ್ಟಿಗೆ ಅಥವಾ ಡಬ್ಬವನ್ನು ಗಟ್ಟಿಯಾದ ಬಿಳಿ ಬಟ್ಟೆಯಲ್ಲಿ ಸುತ್ತಿ, ದಬ್ಬಣದಿಂದ ಒತ್ತಾಗಿ ಹೊಲಿದು, ಹೊಲಿಗೆಯ ಉದ್ದಕ್ಕೂ ಸಮ ಅಂತರದಲ್ಲಿ ಕಾಯಿಸಿದ ಅರಗನ್ನು ತೊಟ್ಟಿಕ್ಕಿಸಿ ಮುದ್ರೆ ಒತ್ತಬೇಕು. ಎಲ್ಲ ಮುದ್ರೆಗಳಲ್ಲೂ ಒಂದೇ ಗುರುತಿರಬೇಕು, ಅದು ಕಳುಹಿಸುವವನ ಖಾಸಗಿ ಗುರುತಾಗಿರಬೇಕು. ಚಲಾವಣೆಯ ನಾಣ್ಯವನ್ನು ಒತ್ತಿದ ಮುದ್ರೆಯಾಗಲಿ, ಬರಿಯ ಗೆರೆಗಳಾಗಲಿ ಒಪ್ಪಿತವಲ್ಲ ಎಂದು ಅಂಚೆಯ ನಿಯಮ ಹೇಳುತ್ತಿತ್ತು. ಕಾರಣ ಸರಳ: ನಾಣ್ಯ ಕಳ್ಳನ ಜೇಬಿನಲ್ಲೂ ಇರುತ್ತದೆ. ಹೊಲಿಗೆ ಬಿಚ್ಚಿ ಮತ್ತೆ ಹೊಲಿದರೆ ಅರಗು ಒಡೆದದ್ದು ಕಾಣುತ್ತದೆ, ಹೊಸ ಅರಗು ಹಾಕಿದರೆ ಗುರುತು ತಪ್ಪುತ್ತದೆ. ದಾರಿಯ ಪ್ರತಿಯೊಂದು ಕಚೇರಿಯೂ ತೂಕ ಮತ್ತು ಮುದ್ರೆಯನ್ನು ನೋಡಿಯೇ ಪಾರ್ಸೆಲನ್ನು ಪಡೆದುಕೊಳ್ಳಬೇಕಿದ್ದುದರಿಂದ, ಕಳವು ಎಲ್ಲಿ ಆಯಿತೆಂದು ಗುರುತಿಸುವ ಸಾಧ್ಯತೆ ಮೊದಲ ಬಾರಿಗೆ ಕಳುಹಿಸಿದವನಿಗೆ ದಕ್ಕಿತು. ಘೋಷಿಸಿದ ಮೌಲ್ಯಕ್ಕೆ ತಕ್ಕ ವಿಮೆ ಕಟ್ಟಿದ್ದರೆ ಪರಿಹಾರವೂ ದೊರೆಯುತ್ತಿತ್ತು. ಅರಗು, ದಾರ, ರಸೀದಿ ಈ ಮೂರರ ಸರಳ ಏರ್ಪಾಡು ಇಂದಿನ ಅನೇಕ ಏರ್ಪಾಡುಗಳಿಗಿಂತ ಪ್ರಾಮಾಣಿಕವಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ರೈಲು ಈ ಊರುಗಳನ್ನು ಸಮಾನವಾಗಿ ಕಾಣಲಿಲ್ಲ. ಮೈಸೂರು–ಅರಸೀಕೆರೆ ಮಾರ್ಗ 1910ರ ದಶಕದ ಕೊನೆಯಲ್ಲಿ ಬಂದು ಹೊಳೆನರಸೀಪುರ ಮತ್ತು ಹಾಸನಗಳಿಗೆ ಪಾರ್ಸೆಲ್ ಆಫೀಸು ದೊರೆಯಿತು. ಘಟ್ಟ ಇಳಿಯುವ ಹಾಸನ–ಮಂಗಳೂರು ಮಾರ್ಗ ಪೂರ್ಣವಾಗಲು 1979 ಬರಬೇಕಾಯಿತು. ಚನ್ನರಾಯಪಟ್ಟಣದ ಮೂಲಕ ಬೆಂಗಳೂರಿಗೆ ನೇರ ರೈಲು ಓಡಿದ್ದು 2017ರಲ್ಲಿ. ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಆದ್ದರಿಂದ ಅಲ್ಲಿನ ಗಂಟುಗಳು ಬಸ್ಸಿನ ಕಂಡಕ್ಟರನ ಕೈಯಲ್ಲೋ ಬಸ್ಸಿನ ಟಾಪಿನ ಮೇಲೋ ಹಾಸನ ಸೇರಿ, ಅಲ್ಲಿಂದ ಮುಂದಿನ ದಾರಿ ಹಿಡಿಯುವುದು ರೂಢಿಯಾಯಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಸೀಮೆಯಿಂದ ಪರದೇಶಕ್ಕೆ ಹೋದವರು ಬೆರಳೆಣಿಕೆಯವರು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ 1929ರಲ್ಲಿ ಫ್ರಾನ್ಸಿಗೆ ಹೋದರು. ಮುಂದಿನ ದಶಕದ ಆರಂಭದಲ್ಲಿ ಧಾರವಾಡದ 'ಜಯ ಕರ್ನಾಟಕ' ಪತ್ರಿಕೆಗೆ ಅವರು ಕನ್ನಡದಲ್ಲಿ ಲೇಖನಗಳನ್ನು ಬರೆದರೆಂಬುದು, ಆ ಕಾಲದ ಅಂಚೆ ಎಷ್ಟು ದೂರದ ಸಂಬಂಧವನ್ನು ಹಿಡಿದಿಟ್ಟುಕೊಂಡಿತ್ತೆಂಬುದಕ್ಕೆ ಸಾಕ್ಷಿ. ಅವರು ಹೊರಟ ವರ್ಷವೇ, 1929ರ ಮಾರ್ಚ್ 30ರಂದು, ಲಂಡನ್–ಕರಾಚಿ ವಿಮಾನ ಅಂಚೆ ಆರಂಭವಾಗಿತ್ತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರ ವಿಮಾನ ಕರಾಚಿಯಿಂದ ಮುಂಬಯಿಗೆ ಅಂಚೆ ತಂದಿತು. ವಿಮಾನ ಕಾಗದಕ್ಕೆ ಒದಗಿತು. ಗಂಟುಗಳು ಮಾತ್ರ ಇನ್ನೂ ಹಲವು ದಶಕ ಹಡಗನ್ನೇ ನೆಚ್ಚಬೇಕಾಯಿತು.

ಚಿತ್ರ ಬದಲಾದದ್ದು 1960ರ ದಶಕದ ನಂತರ. ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾಯಿತು. ಅಮೆರಿಕ 1965ರಲ್ಲಿ ವಲಸೆಯ ಕಾನೂನನ್ನು ಸಡಿಲಿಸಿ ಏಷ್ಯಾದ ವೈದ್ಯರಿಗೂ ಎಂಜಿನಿಯರುಗಳಿಗೂ ಬಾಗಿಲು ತೆರೆಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ, ಹೇಮಾವತಿ ತೀರದ ಓದುಗರಿಗೆ ಅಮೆರಿಕ ಮಕ್ಕಳು ಮೊಮ್ಮಕ್ಕಳಿರುವ ಜಾಗವಾಗಿ ಪರಿಚಿತವಾಗತೊಡಗಿತ್ತು. ಆಗಿನ ಮನೆಗಳು ಕಳುಹಿಸುತ್ತಿದ್ದದ್ದು ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬಾಣಂತಿಗೆ ಬೇಕಾದ ಲೇಹ್ಯ, ಹಬ್ಬದ ಸೀರೆ. ಅಂಚೆಯ ಸೀ ಮೇಲ್, ಎಂದರೆ ಹಡಗಿನ ದಾರಿ, ಅಗ್ಗವಾದರೂ ಎರಡು ಮೂರು ತಿಂಗಳು ಹಿಡಿಯುತ್ತಿದ್ದುದರಿಂದ ದೀಪಾವಳಿಯ ಗಂಟನ್ನು ಆಷಾಢ ಶ್ರಾವಣದಲ್ಲೇ ಹೊಲಿಸಬೇಕಿತ್ತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಕಳುಹಿಸಿದವರ ವಿಳಾಸಕ್ಕೆ ಒಂದು ಖಚಿತತೆ ಕೊಟ್ಟಿತು: ಹಾಸನ 573201, ಹೊಳೆನರಸೀಪುರ 573211, ಅರಕಲಗೂಡು 573102, ಚನ್ನರಾಯಪಟ್ಟಣ 573116, ನಾಲ್ಕಕ್ಕೂ ಸಮಾನವಾದ 573 ಎಂಬ ಮೊದಲ ಮೂರು ಅಂಕಿಗಳು ಹಾಸನದ ವಿಂಗಡಣಾ ಜಿಲ್ಲೆಯನ್ನು ಸೂಚಿಸುವಂಥವು. ತಲುಪದೆ ಹಿಂದಿರುಗಿದ ಪಾರ್ಸೆಲ್‌ಗೆ ಇದರ ಬೆಲೆ ಗೊತ್ತಿತ್ತು.

ಇದರ ಜೊತೆಗೇ ಬೆಳೆದ ಇನ್ನೊಂದು ಪದ್ಧತಿ ಯಾವ ಇಲಾಖೆಯ ದಾಖಲೆಯಲ್ಲೂ ಇಲ್ಲ. ಯಾರ ಮಗನೋ ಮಗಳೋ ಅಮೆರಿಕಕ್ಕೆ ಹೊರಟಿದ್ದಾರೆಂದು ತಿಳಿದರೆ ಬಂಧುಗಳು, ಬಂಧುಗಳ ಬಂಧುಗಳು, ಬೀದಿಯವರು ಒಂದೊಂದು ಪೊಟ್ಟಣ ಹಿಡಿದು ಬರುತ್ತಿದ್ದರು. ಪ್ರಯಾಣಿಕನ ಎರಡು ಸೂಟ್‌ಕೇಸುಗಳಲ್ಲಿ ಅರ್ಧದಷ್ಟು ಪರರ ಸಾಮಾನೇ ತುಂಬುತ್ತಿತ್ತು. ರಸೀದಿ ಇಲ್ಲ, ವಿಮೆ ಇಲ್ಲ, ಬಾಡಿಗೆಯೂ ಇಲ್ಲ. ತಲುಪಿಸದಿದ್ದರೆ ಮದುವೆ ಮುಂಜಿಗಳಲ್ಲಿ ಮುಖ ತೋರಿಸುವುದು ಕಷ್ಟವಾಗುತ್ತಿತ್ತು ಎಂಬುದೊಂದೇ ಅದರ ಜಾಮೀನು, ಮತ್ತು ಅದು ಸಾಕಷ್ಟು ಗಟ್ಟಿಯಾದ ಜಾಮೀನು. ವಿಮಾನ ಕಂಪನಿಗಳು ಪೆಟ್ಟಿಗೆಗೆ 23 ಕಿಲೋ ಎಂದು ಕಟ್ಟುನಿಟ್ಟು ಮಾಡಿದ ಮೇಲೆ, ಇನ್ನೊಬ್ಬರು ಕಟ್ಟಿಕೊಟ್ಟ ಪೊಟ್ಟಣ ಒಯ್ಯಬಾರದೆಂಬ ಭದ್ರತೆಯ ಎಚ್ಚರಿಕೆ ಬಲವಾದ ಮೇಲೆ ಈ ಪದ್ಧತಿ ಸೊರಗಿತು. ಆ ತೆರವನ್ನು ಕೊರಿಯರ್ ತುಂಬಿತು.

ಕೊರಿಯರ್ ಉದ್ಯಮ ಹುಟ್ಟಿದ್ದೇ ಕಾನೂನಿನ ಒಂದು ಸಂದಿಯಲ್ಲಿ. 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 4ನೆಯ ಕಲಮು ಕಾಗದ ಸಾಗಿಸುವ ಹಕ್ಕನ್ನು ಸರಕಾರಕ್ಕೆ ಮೀಸಲಿಟ್ಟಿತ್ತು; ಪಾರ್ಸೆಲ್‌ಗೆ ಅಂಥ ಮೀಸಲಾತಿ ಇರಲಿಲ್ಲ. 1983ರಲ್ಲಿ ಬ್ಲೂ ಡಾರ್ಟ್, 1990ರಲ್ಲಿ ಬೆಂಗಳೂರಿನಲ್ಲೇ ಡಿಟಿಡಿಸಿ ಹುಟ್ಟಿಕೊಂಡವು; ಅಂಚೆ ಇಲಾಖೆ 1986ರ ಆಗಸ್ಟ್ 1ರಂದು ಸ್ಪೀಡ್ ಪೋಸ್ಟ್ ಆರಂಭಿಸಿತು. ಜಿಲ್ಲೆಯ ಪೇಟೆಗಳಲ್ಲಿ ಕೊರಿಯರ್ ಬಂದದ್ದು ಎಸ್‌ಟಿಡಿ ಬೂತು, ಜೆರಾಕ್ಸ್ ಅಂಗಡಿಗಳ ಮೂಲೆಯ ಒಂದು ಮೇಜಾಗಿ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹಾಸನದ ಆ ಮೇಜು ಪಾರ್ಸೆಲನ್ನು ಪರದೇಶಕ್ಕೆ ಕಳುಹಿಸುವುದಿಲ್ಲ. ಪಡೆದ ಗಂಟನ್ನು ಅದು ಬೆಂಗಳೂರಿನ ಒಬ್ಬ ಸಂಗ್ರಾಹಕನಿಗೆ ದಾಟಿಸುತ್ತದೆ; ಅವನು ಹಲವು ಊರುಗಳ ಗಂಟುಗಳನ್ನು ಒಟ್ಟುಗೂಡಿಸಿ, 1998ರ ನಿಯಮಗಳ ಪ್ರಕಾರ ಕಸ್ಟಮ್ಸ್‌ನಲ್ಲಿ ನೋಂದಾಯಿತವಾದ ಅಧಿಕೃತ ಕೊರಿಯರ್ ಸಂಸ್ಥೆಗೆ ಕೊಡುತ್ತಾನೆ; ಆ ಸಂಸ್ಥೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಅಥವಾ ಮುಂಬಯಿ, ದೆಹಲಿಯಿಂದ ರವಾನಿಸುತ್ತದೆ; ಆಚೆ ದಡದಲ್ಲಿ ಮನೆ ಬಾಗಿಲಿಗೆ ಮುಟ್ಟಿಸುವವನು ಇನ್ನೊಬ್ಬನೇ. ಹೀಗಾಗಿ ಡಾಕೆಟ್, ಎಂದರೆ ಬುಕಿಂಗ್ ಚೀಟಿ, ಅದರ ಮೇಲಿನ ಸಂಖ್ಯೆ ಬೆಂಗಳೂರಿನವರೆಗೆ ಮಾತ್ರ ಮಾತಾಡಿ ಆಮೇಲೆ ಮೌನವಾಗುವುದುಂಟು. ಮುಂದಿನ ಪ್ರಯಾಣಕ್ಕೆ ಫಾರ್ವರ್ಡಿಂಗ್ ನಂಬರ್ ಎಂಬ ಬೇರೆ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆಯದವರು ತಮ್ಮ ಪಾರ್ಸೆಲ್ ಯಾರ ಕೈಯಲ್ಲಿದೆಯೆಂದು ತಿಳಿಯುವ ದಾರಿಯನ್ನೇ ಕಳೆದುಕೊಳ್ಳುತ್ತಾರೆ. ಬಾಡಿಗೆಯ ಲೆಕ್ಕವೂ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಗಾತ್ರತೂಕ ನಿಜ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ ಕಟ್ಟಬೇಕು, ಹಗುರವಾದ ಹಪ್ಪಳದ ದೊಡ್ಡ ಡಬ್ಬ ದುಬಾರಿಯಾಗುವುದು ಹೀಗೆ.

ಒಳ್ಳೆಯ ಕೊರಿಯರಿನವನನ್ನು ಉಳಿದವರಿಂದ ಬೇರ್ಪಡಿಸುವುದು ಬಹುಮಟ್ಟಿಗೆ ಅವನು 'ಇದಾಗುವುದಿಲ್ಲ' ಎನ್ನುವ ಸಂದರ್ಭಗಳು. ಚನ್ನರಾಯಪಟ್ಟಣ ತೆಂಗಿನ ಸೀಮೆ. ಅಲ್ಲಿನ ಮನೆಯವರಿಗೆ ಮಡಿಲು ತುಂಬುವ ಕೊಬ್ಬರಿ ಬಟ್ಟಲಿಗಿಂತ ನಿರುಪದ್ರವಿ ವಸ್ತು ಬೇರೆ ತೋಚುವುದಿಲ್ಲ. ಆದರೆ ಎಣ್ಣೆಯಂಶ ಹೆಚ್ಚಿರುವ ಒಣ ಕೊಬ್ಬರಿ ಕೂಡಿಟ್ಟಲ್ಲಿ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ, ವಿಮಾನ ಸಾಗಣೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಯುಎನ್ 1363 ಎಂಬ ಸಂಖ್ಯೆಯಡಿ ಅದು ಸೇರಿದೆ. 2022ರಲ್ಲಿ ಭಾರತದ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ ಪ್ರಯಾಣಿಕರ ಚೆಕ್ ಇನ್ ಪೆಟ್ಟಿಗೆಯಲ್ಲೂ ಅದನ್ನು ನಿಷೇಧಿಸಿತು. ಗಸಗಸೆಯ ಕಥೆ ಇನ್ನೂ ಕಠಿಣ. ಹಬ್ಬದ ಪಾಯಸಕ್ಕೆಂದು ಕಟ್ಟಿಕೊಟ್ಟ ಗಸಗಸೆ ಅರಬ್ ಸಂಯುಕ್ತ ಸಂಸ್ಥಾನ ಮತ್ತು ಸಿಂಗಪುರದಲ್ಲಿ ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ. ಅಲ್ಲಿ ತೊಂದರೆಗೆ ಸಿಲುಕುವವರು ಪಡೆಯುವ ಮಕ್ಕಳೇ. ಅಮೆರಿಕವು 2002ರ ಕಾನೂನಿನ ಅನ್ವಯ ಆಹಾರ ಪದಾರ್ಥಗಳಿಗೆ ಮುನ್ಸೂಚನೆ ಕೇಳುತ್ತದೆಯಾದರೂ, ಒಬ್ಬ ವ್ಯಕ್ತಿ ತನ್ನ ಮನೆಯಲ್ಲೇ ತಯಾರಿಸಿ ಇನ್ನೊಬ್ಬ ವ್ಯಕ್ತಿಗೆ ಉಡುಗೊರೆಯಾಗಿ ಕಳುಹಿಸುವ ತಿನಿಸಿಗೆ ವಿನಾಯಿತಿಯಿದೆ. ಅಂಗಡಿಯಿಂದ ಕೊಂಡ ಪೊಟ್ಟಣಕ್ಕಿಲ್ಲ. ಅಜ್ಜಿಯ ಕೈಯ ಹುಳಿಪುಡಿಗೆ ಅಮೆರಿಕದ ಸರಕಾರ ತೋರಿದ ಈ ಮರ್ಯಾದೆ ಹಾಸನದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಇನ್ನು ಹೊಣೆಯ ಮಾತು. 1898ರ ಕಾಯಿದೆಯ 6ನೆಯ ಕಲಮಿನ ಪ್ರಕಾರ, ತಾನಾಗಿ ಒಪ್ಪಿಕೊಂಡದ್ದನ್ನು ಬಿಟ್ಟರೆ ಕಳೆದುಹೋದ, ತಡವಾದ, ಹಾಳಾದ ಅಂಚೆಗೆ ಸರಕಾರ ಹೊಣೆಯಾಗಿರಲಿಲ್ಲ. ಆ ಕಾಯಿದೆಯನ್ನು ಕಿತ್ತುಹಾಕಿ 2024ರ ಜೂನ್ 18ರಂದು ಜಾರಿಗೆ ಬಂದ 2023ರ ಅಂಚೆ ಕಚೇರಿ ಕಾಯಿದೆ ಸರಕಾರದ ಮೀಸಲು ಹಕ್ಕನ್ನು ಕೈಬಿಟ್ಟಿತು, ಆದರೆ ಹೊಣೆಯಿಂದ ವಿನಾಯಿತಿಯನ್ನು ಉಳಿಸಿಕೊಂಡಿತು. ಖಾಸಗಿಯವರ ಕಡೆಯೂ ದೊಡ್ಡ ಔದಾರ್ಯವಿಲ್ಲ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಸರಕಿನ ನಷ್ಟಕ್ಕೆ ಪರಿಹಾರ ತೂಕದ ಮೇಲೆ ನಿಗದಿಯಾಗುತ್ತದೆ: 2024ರ ಡಿಸೆಂಬರ್ 28ರಿಂದ ಆ ಒಪ್ಪಂದದ ಮಿತಿ ಕಿಲೋಗೆ 26 ಎಸ್‌ಡಿಆರ್, ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ ಹಲವು ನಾಣ್ಯಗಳ ಮೇಲೆ ಲೆಕ್ಕ ಹಾಕುವ ಘಟಕ. ಐದು ಕಿಲೋ ಗಂಟಿನಲ್ಲಿ ಮೈಸೂರು ರೇಷ್ಮೆಯ ಸೀರೆಗಳಿರಲಿ, ಅವಲಕ್ಕಿಯಿರಲಿ, ಮಿತಿ 130 ಎಸ್‌ಡಿಆರ್. ಕಳುಹಿಸುವಾಗಲೇ ಮೌಲ್ಯವನ್ನು ಪ್ರತ್ಯೇಕವಾಗಿ ಘೋಷಿಸಿ ಹೆಚ್ಚಿನ ಶುಲ್ಕ ಕಟ್ಟಿದವರಿಗೆ ಮಾತ್ರ ಈ ಮಿತಿ ಅನ್ವಯಿಸುವುದಿಲ್ಲ, ಮತ್ತು ಇದು 1878ರ ವಿಮೆ ಮಾಡಿದ ಪಾರ್ಸೆಲ್‌ನ ತತ್ವವೇ. ಕಸ್ಟಮ್ಸ್ ಸುಂಕ ತಪ್ಪಿಸಲೆಂದು ಬೆಲೆಯನ್ನು ಕಡಿಮೆ ಬರೆಯುವ ರೂಢಿ ತನ್ನ ಪರಿಹಾರವನ್ನು ತಾನೇ ಕಡಿತ ಮಾಡಿಕೊಳ್ಳುವ ಕ್ರಮವೆಂಬುದು ಗಂಟು ಕಳೆದ ದಿನವೇ ತಿಳಿಯುವಂಥದ್ದು.

ವೇಗವಾಗಲಿ ಹೆಸರಾಗಲಿ ಭರವಸೆಯಲ್ಲವೆಂಬುದಕ್ಕೆ ಇತ್ತೀಚಿನ ನಿದರ್ಶನ 2025ರದು. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕದ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ರದ್ದು ಮಾಡಿದಾಗ, ಸುಂಕ ವಸೂಲಿಯ ವ್ಯವಸ್ಥೆ ಸಿದ್ಧವಿಲ್ಲದ ಕಾರಣ ಭಾರತೀಯ ಅಂಚೆ ಅಮೆರಿಕದ ಪಾರ್ಸೆಲ್‌ಗಳನ್ನು ನಿಲ್ಲಿಸಿತು. ಸುಂಕವನ್ನು ಬುಕಿಂಗ್ ಕೌಂಟರಿನಲ್ಲೇ ಮುಂಗಡ ಪಡೆಯುವ ಏರ್ಪಾಡಿನೊಂದಿಗೆ ಅಕ್ಟೋಬರ್ 15ರಂದು ಸೇವೆ ಮತ್ತೆ ಆರಂಭವಾಯಿತು. ಆ ನಡುವಿನ ವಾರಗಳಲ್ಲಿ ಕುಟುಂಬಗಳು ಖಾಸಗಿ ಕೊರಿಯರಿನ ಕಡೆ ತಿರುಗಬೇಕಾಯಿತು, ಮತ್ತು ಸುಂಕ ಯಾರು ಕಟ್ಟಬೇಕೆಂಬುದನ್ನು ಮೊದಲೇ ಬರೆಸಿಕೊಳ್ಳದಿದ್ದರೆ ಅದನ್ನು ಆಚೆ ದಡದ ಮಕ್ಕಳಿಂದ ಕೇಳುವ ಸಾಧ್ಯತೆ ಉಳಿದೇ ಇತ್ತು.

ಹಾಸನದ ಕೌಂಟರುಗಳಿಗೆ ಪರದೇಶದ ಪೊಟ್ಟಣ ಹಿಡಿದು ಬರುವವರಲ್ಲಿ ಹೆಚ್ಚಿನವರು ವಯಸ್ಸಾದ ತಂದೆತಾಯಂದಿರು. ಹೊಣೆಯ ಮಿತಿ, ಮೌಲ್ಯ ಘೋಷಣೆ, ಸುಂಕದ ಭಾರ ಎಂಬ ಮೂರು ವಿಷಯಗಳು ಅವರು ಸಹಿ ಹಾಕುವ ಡಾಕೆಟ್‌ನ ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಅಂಚೆ ಇಲಾಖೆಯೂ ಕೊರಿಯರ್ ಸಂಸ್ಥೆಗಳೂ ಕನಿಷ್ಠ ಈ ಮೂರು ಕಲಮುಗಳನ್ನಾದರೂ ಕನ್ನಡದಲ್ಲಿ ಮುದ್ರಿಸಿ ಕೊಡಬೇಕು. ಕೊಡುವವರೆಗೆ, ಓದಿ ಹೇಳೆಂದು ಕೌಂಟರಿನವನನ್ನು ಕೇಳದೆ ಸಹಿ ಹಾಕಬಾರದು.